ಲಿಲಿ ಲಾಂಡ್ರಿಯ ಹಿಮ್ಮೇಳ

"ಬಾಯಿ ಮುಚ್ಚೇ ಹುಡ್ಗಿ! ಹಾಡ್ತಾ ಹಾಡ್ತಾ ನನ್ನ ಕಾಲರು ಸುಟ್ಟು ಹಾಕಿದೀಯಲ್ಲ, ಕಣ್ಣೇನು ಅಂಡಲ್ಲಿಟ್ಕೊಂಡಿದೀಯಾ?"

ಕ್ರೆನ್‌ಶಾ ಧಣಿ ಅಂಗಿಯನ್ನು ಮುದ್ದೆ ಮಾಡಿ ಲುವೀನಿಯಾಳ ಮುಖಕ್ಕೆ ಎಸೆದ. ಅಂಗಿ ಇನ್ನೂ ಬಿಸಿಯಾಗಿತ್ತು. ಅವಳ ಗಲ್ಲಕ್ಕೆ ಬಡಿದು ಒದ್ದೆ ನೆಲಕ್ಕೆ ಬಿತ್ತು.

"ತಪ್ಪಾಯ್ತು ಬುದ್ಧಿ."

"ಎತ್ತು. ಮತ್ತೆ ತೊಳಿ. ಅಷ್ಟು ತೀಟೆ ಇದ್ರೆ ಭಾನುವಾರ ನಿಮ್ಮ ಚರ್ಚಲ್ಲಿ ಕಿರುಚ್ಕೋ. ಇದು ಲಾಂಡ್ರಿ."

ಲಾಂಡ್ರಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಬೀದಿಯ ಕಡೆ ದೊಡ್ಡ ಬೋರ್ಡೇ ಇತ್ತು: 'ಲಿಲಿ ಲಾಂಡ್ರಿ. ಇಲ್ಲಿ ಬಿಳಿಯರ ಬಟ್ಟೆಗಳನ್ನು ಮಾತ್ರ ತೊಳೆಯಲಾಗುತ್ತದೆ.' ಯಾರು ತೊಳೆಯುತ್ತಾರೆಂದು ಬೋರ್ಡು ಹೇಳುತ್ತಿರಲಿಲ್ಲ. ಹಾರ್ಲನ್ ಬ್ಲಫ್ ಊರಿನಲ್ಲಿ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ. ಬೀದಿಯ ಕೆಂಪು ಧೂಳು ಬಿಳಿಯರ ಹಾಸುಬಟ್ಟೆಯ ಮೇಲೆ ಕೂರಬಾರದೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಅಲಬಾಮಾದ ಜುಲೈ ಸೆಕೆಯ ಮೇಲೆ ಬಾಯ್ಲರಿನ ಸೆಕೆ. ಯಾರಾದರೂ ತಲೆ ತಿರುಗಿ ಬಿದ್ದರೆ ಹಿಂದಿನ ಬಾಗಿಲ ನೆರಳಿಗೆ ಎಳೆದು ನೀರು ಚಿಮುಕಿಸುತ್ತಿದ್ದರು. ಕಣ್ಣು ಬಿಟ್ಟವಳು ಮತ್ತೆ ಒಳಗೆ. ತಮ್ಮ ಬಟ್ಟೆಗಳನ್ನು ಈ ಹೆಂಗಸರು ಮನೆಯ ಹಿತ್ತಿಲಲ್ಲಿ ಕಬ್ಬಿಣದ ಹಂಡೆಗೆ ಹಾಕಿ ಕುದಿಸಿ ಒಗೆಯುತ್ತಿದ್ದರು.

ಧಣಿ ಅತ್ತ ಹೋದ ಮೇಲೆ ಜಿಲ್ಫಾ ದೊಡ್ಡವ್ವ ತನ್ನ ಯಂತ್ರದಿಂದ ಕತ್ತು ಹೊರಳಿಸಿದಳು. ಹಾಸುಬಟ್ಟೆಗಳನ್ನು ನುಂಗಿ ಆ ಕಡೆಯಿಂದ ಗರಿಗರಿಯಾಗಿ ಉಗುಳುವ ಉಗಿಯ ಉರುಳೆ ಅವಳದು. ಲುವೀನಿಯಾಳ ತಾಯಿಯ ಅಕ್ಕ. ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ಮಗುವನ್ನು ಎತ್ತಿಕೊಂಡವಳು, ಆಮೇಲೆ ಇಳಿಸಿರಲಿಲ್ಲ. ತಲೆ ಪೂರ್ತಿ ನರೆತಿದ್ದರೂ ಕ್ರೆನ್‌ಶಾಗೆ ಅವಳೂ ಹುಡ್ಗಿಯೇ.

"ಮನ್ಸಿಗೆ ಹಚ್ಕೊಬ್ಯಾಡ ಕಣವ್ವ," ಅಂದಳು. "ಆ ಬೋಳಿಮಗನ್ ಅಂಗಿ ಮ್ಯಾಲೆ ಉಗುದ್ಬುಟ್ಟು ಇಸ್ತ್ರಿ ಎಳಿ. ಗಂಜಿ ಹಾಕ್ದಂಗೆ ನಿಲ್ತದೆ."

ಲುವೀನಿಯಾ ಹಾಗೆಯೇ ಮಾಡಿದಳು. ಕಾಲರು ನಿಂತಿತು. ಮಾರನೆಯ ದಿನ ಆ ಅಂಗಿ ತೊಟ್ಟು ಕ್ರೆನ್‌ಶಾ ಊರಿನ ಮೇಯರಾಗಿ ಪ್ರಮಾಣವಚನ ತೆಗೆದುಕೊಂಡ.

ಅವಳು ಹಾಡುತ್ತಿದ್ದ ಹಾಡೂ ದೊಡ್ಡವ್ವನದೇ. ಉರುಳೆಯ ತಾಳಕ್ಕೆ ಅವಳೇ ಕಟ್ಟಿದ್ದು, ಯಾವ ಪುಸ್ತಕದಲ್ಲೂ ಇಲ್ಲದ್ದು. ಒಬ್ಬಳು 'ನದಿಗೆ ಬಾರೋ ತಂದೆ, ನನ್ನ ತೊಳೆಯ ಬಾರೋ' ಎಂದು ಎತ್ತಿದರೆ ಉಳಿದವರು 'ಬಾರೋ, ಬಾರೋ' ಎಂದು ಹಿಂದಿನಿಂದ ತಳ್ಳಬೇಕು. ಭಾನುವಾರ ಪಾದ್ರಿ ಪ್ಯೂರಿಫಾಯ್ ಅವರ ಚರ್ಚಿನಲ್ಲಿ ಲುವೀನಿಯಾ ಅದನ್ನು ಎತ್ತಿದಾಗ ಟೋಪಿ ಹಾಕಿದ ಹೆಂಗಸರು ಟೋಪಿ ಹಾರಿಸಿಕೊಂಡು ಕುಣಿದುಬಿಡುತ್ತಿದ್ದರು. ಕಾಣಿಕೆ ತಟ್ಟೆಯನ್ನು ಆಗಲೇ ಕಳಿಸಬೇಕೆಂದು ಪಾದ್ರಿಗೆ ಗೊತ್ತಿತ್ತು. ಕರಿಯರ ಬಟ್ಟೆ ಮುಟ್ಟದ ಲಿಲಿ ಲಾಂಡ್ರಿ ಒಬ್ಬ ಕರಿಯನ ಬಟ್ಟೆಯನ್ನು ಮಾತ್ರ ಹಿಂದಿನ ಬಾಗಿಲಿಂದ ತೆಗೆದುಕೊಳ್ಳುತ್ತಿತ್ತು. ಅದು ಪಾದ್ರಿಯ ಕಪ್ಪು ನಿಲುವಂಗಿ. ಅದಕ್ಕೆ ಪ್ರತಿಯಾಗಿ ಪಾದ್ರಿ ವಾರಕ್ಕೊಮ್ಮೆ ತಾಳ್ಮೆಯ ಬಗ್ಗೆ ಬೋಧಿಸುತ್ತಿದ್ದ.

*

ಒಂದು ಶನಿವಾರ ಸಂಜೆ ಲುವೀನಿಯಾ ಹೊಳೆದಂಡೆಯ ಕುಣಿತದ ಗುಡಿಸಲಿಗೆ ಹೋದಳು. ಹುರಿದ ಮೀನು, ಕಳ್ಳಭಟ್ಟಿ, ಒಂದು ಗಿಟಾರು, ಒಂದು ಡ್ರಮ್ಮು. ಹಾಡು ಅಂದರು. ಅವಳಿಗೆ ಬರುತ್ತಿದ್ದದ್ದು ಚರ್ಚಿನ ಹಾಡು. ಕುಡಿದವರ ಮುಂದೆ ತಂದೆಯನ್ನು ಕರೆಯುವುದು ಸರಿಯಲ್ಲವೆನ್ನಿಸಿ, ಎರಡು ಪದ ಮಾತ್ರ ಬದಲಿಸಿದಳು. 'ನದಿಗೆ ಬಾರೋ ಚೆಲುವ, ನನ್ನ ಸೇರ ಬಾರೋ.' ಗುಡಿಸಲಿನ ಹಲಗೆಗಳು ಅಲುಗಾಡುವಂತೆ ಜನ 'ಬಾರೋ, ಬಾರೋ' ಎಂದರು. ಮೂಲೆಯಲ್ಲಿ ಒಬ್ಬನೇ ಒಬ್ಬ ಬಿಳಿಯ, ಟೋಪಿ ಹಣೆಗೆಳೆದುಕೊಂಡು ಕೂತಿದ್ದ. ಮೆಂಫಿಸ್‌ನಿಂದ ಬಂದವನಂತೆ, ಹೆಸರು ಡೆಲ್ಮಾರ್ ಸ್ಟ್ರೌಡ್, ಗ್ರಾಮಫೋನ್ ತಟ್ಟೆ ಮಾಡಿಸುವವನಂತೆ.

ಮಾರನೆಯ ಬೆಳಿಗ್ಗೆ ಪಾದ್ರಿ ಪ್ರಾರ್ಥನೆಯ ನಡುವೆ ಅವಳನ್ನು ಎದ್ದು ನಿಲ್ಲಿಸಿದ.

"ದೇವ್ರಿಗೆ ಮೀಸ್ಲಿಟ್ಟ ಹಾಡ್ನ ಹೆಂಡಗುಡುಕ್ರ ತಾವ ಮಾರ್ಕೊಂಡವ್ಳೆ ಈ ಲೌಡಿ! ತಂದೆ ಹೆಸ್ರು ಇದ್ದ ತಾವ್ಕೆ ಯಾವನ್ನೋ ಮಿಂಡನ್ನ ತಂದು ಕೂರ್ಸವ್ಳೆ!"

"ಅಯ್ನೋರೆ," ಲುವೀನಿಯಾ ಕೇಳಿದಳು, "ನಾನಲ್ಲಿ ಹಾಡಿದ್ದು ನಿಮಗ್ಯಾರು ಹೇಳುದ್ರು?"

"ಯಾರ್ ಯಾಕ್ ಹೇಳ್ಬೇಕು, ನನ್ ಕಿವಿಯಾರ ಕೇಳಿವ್ನಿ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿಯ ಕತ್ತು ಊದಿಕೊಂಡಿತು.

"ಎಲಿಹು! ಅವ್ಳ ನಿಲುವಂಗಿ ಬಿಚ್ಚುಸ್ಕೋ."

ಎಲಿಹು ಚರ್ಚಿನ ಹಿರಿಯ ಸೇವಕ. ವಾರದ ದಿನಗಳಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಬಿಳಿ ಕೋಟು ಹಾಕಿ ಊಟ ಬಡಿಸುತ್ತಿದ್ದ. ಭಾನುವಾರ ಕರಿಕೋಟು ಹಾಕಿ ಕಾಣಿಕೆ ತಟ್ಟೆ ಹಿಡಿಯುತ್ತಿದ್ದ. ಎರಡು ಕಡೆಯೂ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: 'ಆಯ್ತು.' ಅವನು ಬಂದು ಲುವೀನಿಯಾಳ ಮುಂದೆ ಕೈ ಚಾಚಿದ.

"ಬಿಚ್ಕೊಟ್ಬುಡವ್ವ. ನಂದೇನೈತೆ. ಹೇಳ್ದಂಗೆ ಮಾಡೋನು ನಾನು."

ಅವಳು ಹಾಡುಗಾರರ ನಿಲುವಂಗಿ ಕಳಚಿ ಕೊಟ್ಟಳು. ಒಳಗೆ ಹಾಕಿದ್ದ ತೇಪೆಯ ಲಂಗ ಎಲ್ಲರಿಗೂ ಕಂಡಿತು. ದೊಡ್ಡವ್ವನ ಕಡೆ ನೋಡಿದಳು. ದೊಡ್ಡವ್ವ ನೋಡಲಿಲ್ಲ. ಮನೆಗೆ ಹೋಗಿ ಸೊಪ್ಪು ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಮುರಿದು ತಟ್ಟೆಗೆ ಹಾಕಿದ ಮೇಲೆ ಒಂದೇ ಮಾತು ಆಡಿದಳು:

"ಗಂಟ್ಲು ದೇವ್ರದ್ದು, ಅದು ನಿನ್ನಿಷ್ಟ. ಹಾಡು ನಂದು. ನನ್ನೊಂದ್ ಮಾತು ಕೇಳ್ಬೇಕಾಗಿತ್ತು."

ಗುಡಿಸಲಿನಲ್ಲಿ ಹಾಡು ಕೇಳಿದ್ದ ಸ್ಟ್ರೌಡ್ ಅದನ್ನು ತಟ್ಟೆ ಮಾಡಿಸೋಣ ಬಾ ಎಂದು ಕರೆದಿದ್ದ. ಅದೇ ವಾರ ಲುವೀನಿಯಾ ಅವನ ಕಾರು ಹತ್ತಿ ಮೆಂಫಿಸ್‌ಗೆ ಹೋದಳು.

*

ಸ್ಟ್ರೌಡ್ ಒಳ್ಳೆಯವನು. ಬೈಯುತ್ತಿರಲಿಲ್ಲ. ಮಗಳೇ ಅನ್ನುತ್ತಿದ್ದ. ಅವಳ ಹೆಸರು ಉದ್ದವಾಯಿತೆಂದು ಅರ್ಧ ಕತ್ತರಿಸಿ 'ಲೂ ವೇನ್' ಎಂದು ಇಟ್ಟ. ಹಾಡಿನ ತಟ್ಟೆ ಅಚ್ಚಾಗಿ ಬಂದ ದಿನ ಅದನ್ನು ಅವಳ ಕೈಗೆ ಕೊಟ್ಟು ಬೆನ್ನು ತಟ್ಟಿದ. ಹೊದಿಕೆಯ ಮೇಲೆ ಸಮುದ್ರದಂಡೆ, ಅಲ್ಲಿ ಒಬ್ಬ ಬಿಳಿಯ ಹುಡುಗ, ಒಬ್ಬಳು ಹೊನ್ನಗೂದಲ ಬಿಳಿಯ ಹುಡುಗಿ. ಇಬ್ಬರೂ ಕೈ ಹಿಡಿದುಕೊಂಡು ನೀರಿನ ಕಡೆ ಓಡುತ್ತಿದ್ದರು.

"ಇವ್ರ್ಯಾರು?" ಲುವೀನಿಯಾ ಕೇಳಿದಳು.

"ಯಾರೋ. ಯಾರಾದ್ರೇನು? ಮಗಳೇ, ನಿನ್ನ ಮುಖ ಹಾಕಿದ್ರೆ ದಕ್ಷಿಣದಲ್ಲಿ ಒಂದು ಅಂಗಡಿಯವನೂ ಇದನ್ನ ಮುಂದೆ ಇಡಲ್ಲ. ನಿನ್ನ ದನಿ ಮನೆಮನೆಗೆ ಹೋಗ್ಬೇಕೋ ಬೇಡ್ವೋ?"

ಅವಳು ತಟ್ಟೆಯನ್ನು ತಿರುಗಿಸಿ ನೋಡಿದಳು. ನಡುವಿನ ಚೀಟಿಯಲ್ಲಿ ಸಣ್ಣ ಅಕ್ಷರ: ರಚನೆ, ಡೆಲ್ಮಾರ್ ಸ್ಟ್ರೌಡ್.

"ಹಾಡು ನಮ್ಮ ದೊಡ್ಡವ್ವಂದು."

"ನಿಮ್ಮ ದೊಡ್ಡವ್ವ ಬರೆದಿಟ್ಟಿದಾಳಾ?"

"ಅವಳಿಗೆ ಬರಿಯಾಕ್ ಬರಾಕಿಲ್ಲ."

"ನೋಡು ಮತ್ತೆ. ರಚನೆ ಅಂದ್ರೆ ಬರೆಯೋದು."

ದನಿ ಮನೆಮನೆಗೆ ಹೋಯಿತು. ರೇಡಿಯೋದಲ್ಲಿ ಹೋಯಿತು, ಕಾರುಗಳಲ್ಲಿ ಹೋಯಿತು, ಐಸ್‌ಕ್ರೀಮ್ ಅಂಗಡಿಗಳಲ್ಲಿ ಹೋಯಿತು. ದನಿಯ ಹಿಂದೆ ಹೋದ ಲುವೀನಿಯಾ ಮಾತ್ರ ಅಡಿಗೆಮನೆಯ ಬಾಗಿಲಿಂದ ಹೋಗಬೇಕಿತ್ತು. ಬಿಳಿಯರ ಕಾಲೇಜುಗಳ ಕುಣಿತಕ್ಕೆ ಅವಳನ್ನು ಕರೆಸುತ್ತಿದ್ದರು. ಹೊನ್ನಗೂದಲಿನವಳು ಬರುತ್ತಾಳೆಂದು ಕಾದವರು ಇವಳನ್ನು ಕಂಡು ಅರೆಗಳಿಗೆ ಬೆಪ್ಪಾಗಿ, ಮೊದಲ ಸಾಲು ಕೇಳಿದ್ದೇ ಕುಣಿಯತೊಡಗುತ್ತಿದ್ದರು. ಹಾಡು ಮುಗಿದ ಮೇಲೆ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತುಕೊಂಡು ಉಣ್ಣುತ್ತಿದ್ದಳು. ದಾರಿಯ ಪೆಟ್ರೋಲ್ ಬಂಕಿನವರು ಪೆಟ್ರೋಲು ಹಾಕುತ್ತಿದ್ದರು, ಕಕ್ಕಸಿನ ಕೀಲಿ ಕೊಡುತ್ತಿರಲಿಲ್ಲ. ರೇಷ್ಮೆಯ ಉಡುಪು ಸೊಂಟಕ್ಕೆ ಸುತ್ತಿಕೊಂಡು ಪೈನ್ ಮರಗಳ ಹಿಂದೆ ಕೂರುವಾಗ ಬಂಕಿನ ರೇಡಿಯೋದಲ್ಲಿ ತನ್ನದೇ ಹಾಡು ಬಂದದ್ದೂ ಉಂಟು.

ದೊಡ್ಡವ್ವನಿಗೆ ಹೇಳಿ ಕಳಿಸಿದ ಮಾತಿಗೆಲ್ಲ ಉತ್ತರ ಬರಲಿಲ್ಲ. ವರ್ಷಗಳು ಹೋದವು.

ಆಮೇಲೆ ಒಂದು ಮಧ್ಯಾಹ್ನ ಮೆಂಫಿಸ್‌ಗೆ ಫೋನು ಬಂತು. ಹಿಂದುಗಡೆ ಪಾತ್ರೆಗಳ ಸದ್ದು, ಪಿಸುದನಿ.

"ಲುವಿ, ನಾನು ಎಲಿಹು. ಕ್ಲಬ್ ಅಡಿಗ್ಮನೆಯಿಂದ ಮಾಡ್ತಾವ್ನಿ, ನಾ ಮಾಡ್ದೆ ಅಂತ ಯಾರ್ಗೂ ಅನ್ಬ್ಯಾಡ. ಜಿಲ್ಫಕ್ಕನ್ ಕೈನ ಉರುಳೆ ಎಳ್ಕೊಂಡ್ಬುಡ್ತು ಕಣವ್ವ."

"ಅಯ್ಯೋ! ಕೈ ಒಳಗೆ ಹೋಗ್ದಂಗೆ ತಡೆಯೋ ಕಂಬಿ ಇತ್ತಲ್ಲ ಅದಕ್ಕೆ?"

"ಕೆಲ್ಸ ನಿಧಾನ ಆಯ್ತದೆ ಅಂತ ಧಣಿ ಬಿಚ್ಚಾಕ್ಸಿದ್ರಂತೆ. ಮೊಣಕೈಗಂಟ ಬೆಂದೋಗದೆ. ಹೆಂಗುಸ್ರೆಲ್ಲ ಕೆಲ್ಸ ಬುಟ್ಟು ಬೀದಿಗ್ ಬಂದವ್ರೆ." ಆ ಕಡೆ ಯಾರೋ ಕರೆದರು. "ಆಯ್ತು ಬುದ್ಧಿ, ಬಂದೆ ಬುದ್ಧಿ," ಎಂದು ಎಲಿಹು ಫೋನಿಟ್ಟ.

*

ಲುವೀನಿಯಾ ಮನೆಗೆ ಬಂದಾಗ ದೊಡ್ಡವ್ವ ಜಗಲಿಯ ಮೇಲೆ ಕೂತಿದ್ದಳು. ಬಲಗೈ ಬಟ್ಟೆಯ ದೊಡ್ಡ ಉಂಡೆಯಾಗಿತ್ತು. ಪಕ್ಕದಲ್ಲಿ ಕೆಂಪು ಪಟ್ಟಿ ಕಟ್ಟಿದ ಹಣ್ಣಿನ ಬುಟ್ಟಿ.

"ಧಣಿ ಕಳ್ಸಿದ್ದು," ಅಂದಳು ದೊಡ್ಡವ್ವ, ನಡುವೆ ವರ್ಷಗಳೇ ಕಳೆದಿಲ್ಲವೆಂಬಂತೆ. "ಇನ್ನೊಂದ್ ಕೈ ಚೆನ್ನಾಗಿದ್ಯಲ್ಲ, ಕರವಸ್ತ್ರ ಮಡ್ಚೋಕೆ ಬಾ ಅಂದವ್ನೆ. ಕಿತ್ಳೆಹಣ್ಣು ತಿಂತೀಯಾ? ನಂಗೆ ಒಂದ್ ಕೈಲಿ ಸುಲಿಯಾಕಾಗಲ್ಲ."

ಲುವೀನಿಯಾ ಹಣ್ಣು ಸುಲಿದು ಎಸಳು ಎಸಳಾಗಿ ತಿನ್ನಿಸಿದಳು. ಅಳು ಬಂತು. ದೊಡ್ಡವ್ವ ಗದರಿದಳು: "ಅಳೋದಾದ್ರೆ ಅತ್ಲಾಗ್ ಹೋಗಿ ಅಳು, ಹಣ್ಣು ಉಪ್ಪಾಯ್ತದೆ."

ಹೆಂಗಸರ ಬೇಡಿಕೆ ದೊಡ್ಡದೇನಲ್ಲ. ಉರುಳೆಗೆ ಕಂಬಿ ಹಾಕಬೇಕು. ಕಿಟಕಿಯ ಮೊಳೆ ಕೀಳಬೇಕು. ಇನ್ನೊಂದು, ತಮ್ಮನ್ನು ಹುಡ್ಗಿ ಅನ್ನಬಾರದು, ಹೆಸರಿನ ಜತೆ ಅಮ್ಮ ಸೇರಿಸಿ ಕರೆಯಬೇಕು. ಪಾದ್ರಿ ಪ್ಯೂರಿಫಾಯ್ ನಡುವೆ ನಿಂತು ಚರ್ಚಿನಲ್ಲಿ ಮಾತುಕತೆ ಏರ್ಪಡಿಸಿದ. ಕ್ರೆನ್‌ಶಾ ಬಂದ. ಕಂಬಿಯ ವಿಷಯ ನೋಡೋಣ ಅಂದ. ಕಿಟಕಿಯ ವಿಷಯ ಯೋಚಿಸೋಣ ಅಂದ. ಮೂರನೆಯದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಮ್ಮಾನಾ? ನಾನು? ಇವಳನ್ನ? ಜಿಲ್ಫಮ್ಮಾವ್ರೇ, ಸ್ವಲ್ಪ ನನ್ನ ಚಡ್ಡಿ ತೊಳೆದು ಕೊಡ್ತೀರಾ ಅನ್ಬೇಕಾ?"

"ಚಡ್ಡಿ ಅಂತೂ ತೊಳಿತಾನೇ ಇವ್ನಿ," ಅಂದಳು ದೊಡ್ಡವ್ವ. "ಅಮ್ಮ ಅನ್ನಕ್ಕೇನ್ ದಾಡಿ?"

ಪಾದ್ರಿ ಕಣ್ಣು ಮುಚ್ಚಿ ತಾಳ್ಮೆಗಾಗಿ ಪ್ರಾರ್ಥಿಸಿದ. ಅವನ ನಿಲುವಂಗಿ ಕೊಳೆಯಾಗಿ ಎರಡು ವಾರವಾಗಿತ್ತು.

ಸ್ಟ್ರೌಡ್ ಫೋನು ಮಾಡಿ ಹುಡುಕಿಸಿದ. ಲುವೀನಿಯಾ ಹೆಣಪೆಟ್ಟಿಗೆ ಅಂಗಡಿಗೆ ಹೋಗಿ ಮಾತಾಡಿದಳು. ಕರಿಯರ ಕೇರಿಯಲ್ಲಿ ಫೋನಿದ್ದದ್ದು ಅಲ್ಲಿ ಮಾತ್ರ.

"ಮಗಳೇ, ಈ ಮೆರವಣಿಗೆ ಗಿರವಣಿಗೆ ನಮಗ್ಯಾಕೆ? ರೇಡಿಯೋದವರಿಗೆ ಗೊತ್ತಾದ್ರೆ ಹಾಡು ನಿಲ್ಲಿಸಿಬಿಡ್ತಾರೆ. ಅದಿರ್ಲಿ, ಶನಿವಾರ ನಿನ್ನ ಕಾರ್ಯಕ್ರಮ ಅದೇ ಊರಲ್ಲೇ ಇದೆ. ಊರಿಗೆ ನೂರು ವರ್ಷ ತುಂಬಿದ ಹಬ್ಬ, ಮೇಯರ್ ಹೆಂಡ್ತಿಗೆ ನಿನ್ನ ಹಾಡೇ ಬೇಕಂತೆ."

"ನಾನು ಕರಿಯಳು ಅಂತ ಗೊತ್ತಾ ಅವ್ರಿಗೆ?"

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ."

ಲುವೀನಿಯಾ ಫೋನಿಟ್ಟು ಲಾಂಡ್ರಿಯ ಗೇಟಿಗೆ ಹೋದಳು. ಹೆಂಗಸರ ನಡುವೆ ನಿಂತು ಹಾಡಿದಳು. ಮೈಕಿಲ್ಲ, ಗಿಟಾರಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಕರಿಯರೆಲ್ಲ ನಿಂತರು. ಆಮೇಲೆ ಪೊಲೀಸರು ಬಂದು ಶಾಂತಿಭಂಗವೆಂದು ಎಲ್ಲರನ್ನೂ ವ್ಯಾನಿಗೆ ತುಂಬಿದರು. ಸುಟ್ಟ ಕೈಯ ಮುದುಕಿಯನ್ನು ಮೊದಲು ಎತ್ತಿ ಹಾಕಿದರು.

*

ಜೈಲಿನಲ್ಲಿ ದಫೇದಾರ ಹೊಯ್ಟ್‌ನ ಮೇಜಿನ ಮೇಲೆ ಸಣ್ಣ ರೇಡಿಯೋ ಇತ್ತು. ಅವನು ಕಂಬಿಗೆ ಲಾಠಿ ಬಡಿದು ಕೂಗಿದ.

"ಏ ಹುಡ್ಗೀರಾ, ಗಲಾಟೆ ಬೇಡ. ನನಗಿಷ್ಟವಾದ ಹಾಡು ಬರ್ತಿದೆ."

ಬಂತು. 'ನದಿಗೆ ಬಾರೋ ಚೆಲುವ.' ದಫೇದಾರ ಕಣ್ಣು ಮುಚ್ಚಿ ಬೂಟಿನಲ್ಲಿ ತಾಳ ಹಾಕಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದ್ನ ಹಾಡಿರೋಳು ಇವಳೇ ಕಣಪ್ಪ," ಅಂದಳು ದೊಡ್ಡವ್ವ.

ದಫೇದಾರ ಒಂದು ಕಣ್ಣು ಬಿಟ್ಟ. "ಯಾರು, ಈ ಕರಿ ಮೂತಿಯವಳಾ? ಲೂ ವೇನ್ ಅಂದ್ರೆ ಚಿನ್ನದಂಥ ಕೂದಲಿನ ಹುಡುಗಿ. ನನ್ನ ಮನೇಲಿ ತಟ್ಟೆ ಇದೆ, ದಿನಾ ಅವಳ ಮುಖ ನೋಡ್ತೀನಿ."

"ಸಮುದ್ರದ ದಂಡೆ ಮ್ಯಾಲೆ ಓಡ್ತಾವ್ಳಲ್ಲ, ಅವಳಾ?" ಲುವೀನಿಯಾ ಕೇಳಿದಳು.

"ಹಾಂ, ಅವಳೇ. ನಿನಗೆ ಹೇಗೆ ಗೊತ್ತು?"

"ನಾನೂ ಅವಳ್ನ ಹುಡುಕ್ತಾನೇ ಇವ್ನಿ."

ಕೋಣೆಯೊಳಗೆ ನಗು ಹೊಡೆಯಿತು. ದಫೇದಾರ ಬೈದು ರೇಡಿಯೋದ ದನಿ ಏರಿಸಿದ. ದೊಡ್ಡವ್ವ ಮಾತ್ರ ನಗಲಿಲ್ಲ. ಅವಳು ಆ ತಟ್ಟೆಯ ಹಾಡನ್ನು ಪೂರ್ತಿ ಕೇಳುತ್ತಿದ್ದದ್ದು ಇದೇ ಮೊದಲು. ಮುಗಿಯುವ ತನಕ ತಲೆ ಬಗ್ಗಿಸಿ ಕೇಳಿದಳು. ಲುವೀನಿಯಾ ಪಾದ್ರಿಯ ಮುಂದೆ ನಿಂತ ದಿನಕ್ಕಿಂತ ಹೆಚ್ಚು ಅಂಜುತ್ತ ಕಾದಳು.

"ಹಾಡೇನ್ ಕೆಟ್ಟಿಲ್ಲ," ಅಂದಳು ದೊಡ್ಡವ್ವ ಕೊನೆಗೆ. "ಬಟ್ಟೆ ಬದಲಾಯ್ಸ್ಕೊಂಡದೆ, ಅಷ್ಟೆಯ. ಆದ್ರೆ ನಡು ನಡುವೆ ಉಸ್ರು ಎಳೀತೀಯಲ್ಲ, ಅಲ್ಲಿ ಯಾಕ್ ಎಳೀತೀಯಾ? ಉರುಳೆ ತಿರುಗೋ ತಾವ ಎಳೀಬೇಕು ಅಂತ ಹೇಳ್ಕೊಟ್ಟಿರ್ಲಿಲ್ವಾ?"

"ಮರ್ತೋಗಿತ್ತು ದೊಡ್ಡವ್ವ."

"ಅಲ್ಲಿ ಉರುಳೆ ಇರ್ಲಿಲ್ವಲ್ಲ, ಪಾಪ." ಒಳ್ಳೆಯ ಕೈಯಿಂದ ಅವಳ ತಲೆ ತನ್ನ ತೊಡೆಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ತನಗೆ ತಾನೇ ಎಂಬಂತೆ, ಹೊಸ ಸಾಲೊಂದನ್ನು ಗುನುಗತೊಡಗಿದಳು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಸರಿದರು.

*

ಶನಿವಾರ ಬೆಳಿಗ್ಗೆ ಮೇಯರ್ ಕ್ರೆನ್‌ಶಾ ಜೈಲಿಗೆ ಓಡಿ ಬಂದ. ಅವನ ಕಾಲರು ಮೆತ್ತಗೆ ಜೋತು ಬಿದ್ದಿತ್ತು. ಹೆಂಡತಿಯೇ ಇಸ್ತ್ರಿ ಹಾಕಿರಬೇಕು. ಹಿಂದೆ ಪಾದ್ರಿ.

"ಮೆಂಫಿಸ್‌ನವನು ಹೇಳ್ತಾನೆ, ಲೂ ವೇನ್ ನನ್ನ ಜೈಲಲ್ಲೇ ಇದಾಳಂತೆ!" ಎಂದು ದಫೇದಾರನಿಗೆ ಹೇಳಿದ.

ದಫೇದಾರನ ಬಾಯಿ ತೆರೆದುಕೊಂಡಿತು. ಅವನು ಲುವೀನಿಯಾಳನ್ನು ನೋಡಿದ ರೀತಿಗೆ ಅವಳಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಮನೆಯಲ್ಲಿ ಯಾರೋ ಸತ್ತ ಸುದ್ದಿ ಕೇಳಿದವನಂತೆ ಇದ್ದ.

ಕ್ರೆನ್‌ಶಾ ಕಂಬಿಯ ಹತ್ತಿರ ಬಂದ. "ನಿನ್ನನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?"

"ನಿಮ್ಮಂಗಿಗೆ ಇಸ್ತ್ರಿ ಹಾಕ್ತಿದ್ದೆ ಬುದ್ಧಿ. ವರ್ಷಾನುಗಟ್ಲೆ."

"ಇರ್ಲಿ ಇರ್ಲಿ. ಮಧ್ಯಾಹ್ನ ರಾಜಧಾನಿಯಿಂದ ದೊಡ್ಡ ಮನುಷ್ಯರು ಬರ್ತಾರೆ. ಹಾಡು, ಹೋಗು. ಕೇಸು ಗೀಸು ಏನೂ ಇಲ್ಲ."

"ಒಬ್ಳೇ ಹಾಡಕ್ಕಾಗಲ್ಲ. ಆ ಹಾಡಿಗೆ ಹಿಮ್ಮೇಳ ಬೇಕು."

"ತಂದ್ಕೋ."

"ಹಿಮ್ಮೇಳಾನ ನೀವೇ ಒಳಗೆ ಹಾಕೀರಲ್ಲ ಬುದ್ಧಿ."

ಕ್ರೆನ್‌ಶಾ ಕೋಣೆಯಲ್ಲಿದ್ದ ಹೆಂಗಸರನ್ನು ನೋಡಿದ. ಅವರು ಇವನನ್ನು ನೋಡಿದರು. ಗಡಿಯಾರ ನೋಡಿಕೊಂಡ. ಪಾದ್ರಿ ಕಿವಿಯಲ್ಲಿ ಏನೋ ಉಸುರಿದ. ತಾಳ್ಮೆಯ ಬಗ್ಗೆಯೇ ಇರಬೇಕು.

"ಎಲ್ಲರೂ ಹಾಡ್ತೀರಾ?" ಎಂದ ಸಂಶಯದಿಂದ.

"ನಿಮ್ ಲಾಂಡ್ರೀಲೇ ಕಲ್ತಿದ್ದು ಬುದ್ಧಿ," ಅಂದಳು ದೊಡ್ಡವ್ವ. ಅವನು ಆಚೆ ತಿರುಗಿದ ಮೇಲೆ ಲುವೀನಿಯಾಳ ಕಿವಿಯಲ್ಲಿ: "ಹೋಗಾನ ಕಣವ್ವ. ಊರ್ನ ದೊಡ್ಡೋರೆಲ್ಲ ಒಂದೇ ತಾವ ಕುಂತಿರ್ತಾರೆ. ಇನ್ಯಾವಾಗ ಸಿಕ್ತಾರೆ ನಮ್ಗೆ?"

ಹೆಂಗಸರಿಗೆ ತೊಡಲು ಪಾದ್ರಿ ಚರ್ಚಿನ ನಿಲುವಂಗಿಗಳನ್ನು ತರಿಸಿದ. ಯಾರೂ ಮುಟ್ಟಲಿಲ್ಲ. ಗೇಟಿನಲ್ಲಿ ಹಿಡಿದಾಗ ಹಾಕಿಕೊಂಡಿದ್ದ ಲಾಂಡ್ರಿಯ ಮಾಸಿದ ಮೇಲಂಗಿಗಳಲ್ಲೇ ವ್ಯಾನು ಹತ್ತಿದರು.

*

ಕ್ಲಬ್ಬಿನ ಹುಲ್ಲುಹಾಸಿನ ಮೇಲೆ, ಕೆರೆಯ ಪಕ್ಕದಲ್ಲಿ ಚಪ್ಪರ. ಊರಿನಲ್ಲಿ ಒಗೆದ ಬಟ್ಟೆ ಒಂದೂ ಇರಲಿಲ್ಲವಾದ್ದರಿಂದ ಮೇಜುಗಳಿಗೆ ಕಾಗದ ಹಾಸಿದ್ದರು. ಗಾಳಿ ಬಂದರೆ ಕಾಗದ ಏಳುತ್ತಿತ್ತು, ಮಾಣಿಗಳು ಓಡಿ ಹೋಗಿ ಅದುಮುತ್ತಿದ್ದರು. ಎಲಿಹು ಬಿಳಿ ಕೋಟಿನಲ್ಲಿ ಹಂದಿಮಾಂಸದ ತಟ್ಟೆಗಳನ್ನು ಹೊತ್ತು ತಿರುಗುತ್ತಿದ್ದ. ಅಟ್ಟಣೆಯ ಮೇಲೆ ಹೆಂಗಸರನ್ನು ಕಂಡದ್ದೇ ತಟ್ಟೆಗಳನ್ನು ಹತ್ತಿರದ ಮೇಜಿನ ಮೇಲಿಟ್ಟು ನಿಂತ.

ಮೆಂಫಿಸ್‌ನಿಂದ ಬಂದ ಗಿಟಾರಿನವನು ಶುರು ಮಾಡಿದ. ಅಷ್ಟೇ ಸಾಕಾಯಿತು, ಬಿಳಿಯರು ಚಪ್ಪಾಳೆ ತಟ್ಟಿ ಎದ್ದರು. ಕ್ರೆನ್‌ಶಾನ ಹೆಂಡತಿ ರಾಜಧಾನಿಯ ದೊಡ್ಡ ಮನುಷ್ಯನ ಕೈ ಹಿಡಿದು ಕುಣಿತಕ್ಕೆ ಇಳಿದಳು. ಲುವೀನಿಯಾ ಮೊದಲ ಸುತ್ತು ಎಲ್ಲರಿಗೂ ಗೊತ್ತಿದ್ದ ಹಾಗೆಯೇ ಹಾಡಿದಳು. 'ಬಾರೋ, ಬಾರೋ' ಎಂದು ಚಪ್ಪರವೆಲ್ಲ ಕೂಗಿತು. ಎರಡನೆಯ ಸುತ್ತಿಗೆ ಅವಳು ಹಿಂದೆ ಸರಿದು ದೊಡ್ಡವ್ವನನ್ನು ಮೈಕಿನ ಮುಂದೆ ನಿಲ್ಲಿಸಿದಳು. ದೊಡ್ಡವ್ವ ಒಮ್ಮೆ ಕೆಮ್ಮಿ, ಉರುಳೆಯ ಮುಂದೆ ನಿಂತವಳ ಹಾಗೆ ಕಾಲಗಲಿಸಿ, ಎತ್ತಿದಳು:

ನದಿಗೆ ಹೋಗೋ ಧಣಿಯೇ, ನಿನ್ನ ಕೊಳೆಯ ನೀನೇ ತೊಳೆಯೋ

"ತೊಳೆಯೋ, ತೊಳೆಯೋ," ಎಂದರು ಲಾಂಡ್ರಿಯ ಹೆಂಗಸರು.

"ತೊಳೆಯೋ, ತೊಳೆಯೋ," ಎಂದರು ಕುಣಿಯುತ್ತಿದ್ದ ಬಿಳಿಯರು. ರಾಗ ಅದೇ, ತಾಳ ಅದೇ. ಮೇಯರ್ ಕ್ರೆನ್‌ಶಾ ಕೂಡ ತಲೆದೂಗಿ, ಲೋಟ ಮೇಲೆತ್ತಿ, ತೊಳೆಯೋ ಎಂದ.

ಹುಡ್ಗಿ ಅಂದ ಬಾಯಿ, ನಿನ್ನ ನಾಲಗೆ ನೀನೇ ತೊಳೆಯೋ

"ತೊಳೆಯೋ, ತೊಳೆಯೋ!"

ಬೆಂದ ಕೈಯ ನೆತ್ತರಂಟಿದೆ, ಹಾಸುಬಟ್ಟೆ ನೀನೇ ತೊಳೆಯೋ

ಮೊದಲು ಗೊತ್ತಾದದ್ದು ದಫೇದಾರ ಹೊಯ್ಟ್‌ನಿಗೆ. ಹಾಡಿನ ಪ್ರತಿ ಅಕ್ಷರ ಬಾಯಿಪಾಠವಿದ್ದವನು ಆ ಗುಂಪಿನಲ್ಲಿ ಅವನೊಬ್ಬನೇ. "ಇದಲ್ಲ! ಇದು ಆ ಸಾಲಲ್ಲ!" ಎಂದು ಕಿರುಚಿಕೊಂಡು ಓಡಿದ. ಕುಣಿಯುವವರು ಒಬ್ಬೊಬ್ಬರಾಗಿ ನಿಂತರು. ಮೇಯರನ ಹೆಂಡತಿ ಕೊನೆಗೆ ನಿಂತಳು, ಅವಳ ಬಾಯಿ ಇನ್ನೂ ತೊಳೆಯೋ ಅನ್ನುವ ಆಕಾರದಲ್ಲೇ ಇತ್ತು. ಯಾರೋ ತಂತಿ ಕಿತ್ತರು. ಮೈಕು ಸತ್ತಿತು, ಗಿಟಾರು ಸತ್ತಿತು. ಬಾಯ್ಲರಿನ ಸದ್ದನ್ನು ಮೀರಿ ಹಾಡಿ ಬೆಳೆದ ಗಂಟಲುಗಳಿಗೆ ಅದರಿಂದೇನೂ ಆಗಲಿಲ್ಲ.

ಹಾಡುತ್ತಲೇ ಹೆಂಗಸರು ಅಟ್ಟಣೆಯಿಂದ ಇಳಿದರು. ಗೇಟಿನ ಕಡೆ ಹೋಗಲಿಲ್ಲ, ಅಡಿಗೆಮನೆಯ ಕಡೆಯೂ ಹೋಗಲಿಲ್ಲ. ಕುಣಿಯಲು ಎದ್ದವರ ಕುರ್ಚಿಗಳು ಖಾಲಿ ಇದ್ದವು. ಒಬ್ಬೊಬ್ಬರೂ ಒಂದೊಂದು ಕುರ್ಚಿ ಎಳೆದು ಕೂತರು. ದೊಡ್ಡವ್ವ ನೇರವಾಗಿ ಮೇಯರನ ಮೇಜಿಗೆ ಹೋಗಿ, ಕಟ್ಟು ಕಟ್ಟಿದ ಕೈಯನ್ನು ಕಾಗದದ ಮೇಲೆ ಇಟ್ಟು ಕೂತಳು. ಲುವೀನಿಯಾ ಅವಳ ಪಕ್ಕದಲ್ಲಿ ನಿಂತಳು. ಈಗ ಹಾಡು ತಾನಾಗಿ ನಿಂತಿತು. ಕಾಗದ ಪಟಪಟ ಅನ್ನುವುದು ಕೇಳುತ್ತಿತ್ತು.

"ಎಲಿಹು," ಅಂದಳು ದೊಡ್ಡವ್ವ, "ಹೊಟ್ಟೆ ಹಸ್ದದೆ ಕಣಪ್ಪ. ಜೈಲಿನ್ ಗಂಜೀಲಿ ಬರೀ ಹುಳ. ಊಟಕ್ಕೇನೈತೆ?"

"ಎಲಿಹು!" ಕ್ರೆನ್‌ಶಾನ ದನಿ ಬಿರುಕು ಬಿಟ್ಟಿತು. "ಈ ಹುಡ್ಗೀರನ್ನ ಎಬ್ಬಿಸಿ ಆಚೆಗೆ ಹಾಕು!"

"ಆಯ್ತು," ಎಂದ ಎಲಿಹು. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ. ಒಳಗೆ ಹೋದ. ಪಾದ್ರಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದ. ಹೊರಗೆ ಪೊಲೀಸ್ ವ್ಯಾನಿನ ಬಾಗಿಲುಗಳು ತೆರೆಯುವ ಸದ್ದು.

ಎಲಿಹು ಬಂದ. ಒಂದು ಕೈಯಲ್ಲಿ ಬಿಸಿ ಹಂದಿಮಾಂಸದ ತಟ್ಟೆ, ಇನ್ನೊಂದರಲ್ಲಿ ಮಂಜುಗಡ್ಡೆ ಹಾಕಿದ ಚಹಾ. ತಟ್ಟೆಯನ್ನು ದೊಡ್ಡವ್ವನ ಮುಂದೆ ಇಟ್ಟ. ಅವಳು ಎಡಗೈಯಲ್ಲಿ ಫೋರ್ಕು ಹಿಡಿದು ತಡಕಾಡುವುದನ್ನು ನೋಡಿ, ಬಿಳಿ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಚಾಕು ತೆಗೆದುಕೊಂಡು ಮಾಂಸವನ್ನು ಸಣ್ಣ ಸಣ್ಣ ತುಂಡು ಮಾಡತೊಡಗಿದ.

ದಫೇದಾರ ಹೊಯ್ಟ್ ಬೇಡಿ ಹಿಡಿದು ಮೇಜಿನ ಹತ್ತಿರ ಬಂದು ನಿಂತ. ಅವನ ಹಿಂದೆ ಇನ್ನಷ್ಟು ಬೂಟುಗಳು.

ಎಲಿಹು ತಲೆ ಎತ್ತಲಿಲ್ಲ. ಕತ್ತರಿಸುತ್ತಲೇ ಹೇಳಿದ:

"ಅಮ್ಮಾವ್ರು ಊಟ ಮಾಡ್ತಾವ್ರೆ. ತಡಿ."